ಮೈಸೂರಿನ ವಾಕ್ ಶ್ರವಣ ಸಂಸ್ಥೆ: ಮಗನ ಮಾತಿಗೂ ಮಗಳ ದನಿಗೂ ಹೋದವರ ಅನುಭವ

ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು, ಮಾನಸಗಂಗೋತ್ರಿಗೆ ತಂದು ಬಿಡುತ್ತಾರೆ. ಪೂರ್ತಿ ಹೆಸರು ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ್ದು. ನಾವು ಮಂಡ್ಯದವರು. ಮಗನಿಗೆ ಮಾತು ಬರುವುದು ತಡವಾಯಿತು ಅಂತ ಮೊದಲು ಹೋದೆವು. ಮುಂದೆ ಮಗಳ ಗಂಟಲು ಒಡೆದದ್ದು ಸರಿಹೋಗದಿದ್ದಾಗ ಅವಳನ್ನೂ ಅಲ್ಲಿಗೇ ಕರೆದುಕೊಂಡು ಹೋದೆವು. ಮೂರು ವರ್ಷದ ಮೇಲಾಯಿತು. ಚಿಕ್ಕ ಮಕ್ಕಳಿರುವ ಪರಿಚಯದವರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮಗುವಿಗೆ ಎಷ್ಟು ಕಲಿಸುತ್ತಾರೋ ಅದಕ್ಕಿಂತ ಜಾಸ್ತಿ ಮನೆಯವರಿಗೆ ಕಲಿಸುತ್ತಾರೆ. ನಮಗೆ ಉಪಯೋಗವಾದದ್ದು ಅದೇ.

ಇದಕ್ಕೂ ಮುಂಚೆ ಒಂದು ಖಾಸಗಿ ಸೆಂಟರಿಗೆ ಹೋಗುತ್ತಿದ್ದೆವು. ಹೆಸರು ಬೇಡ. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅರ್ಧ ಗಂಟೆ ಆದಮೇಲೆ ‘ಚೆನ್ನಾಗಿ ಮಾಡಿದ’ ಅಂತ ಹೇಳಿ ಕಳಿಸುತ್ತಿದ್ದರು. ಒಳಗೆ ಏನು ನಡೆಯಿತು, ಮನೆಯಲ್ಲಿ ಏನು ಮಾಡಬೇಕು, ಒಂದೂ ಗೊತ್ತಾಗುತ್ತಿರಲಿಲ್ಲ. ಮೇಲಾಗಿ, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಅಂದರು. ಈ ಸಲಹೆ ಕೇಳಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಎರಡು ಭಾಷೆ ಕಿವಿಗೆ ಬೀಳುವುದರಿಂದ ಮಾತು ತಡವಾಗುವುದಿಲ್ಲ. ಅಜ್ಜಿ, ಅಪ್ಪ, ಅಮ್ಮ ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೋ ಅದನ್ನೇ ಕಿತ್ತುಕೊಂಡರೆ ಮಗುವಿಗೆ ಕೇಳಿಸಿಕೊಳ್ಳಲು ಏನು ಉಳಿಯುತ್ತದೆ? ಆ ಸೆಂಟರಿನಲ್ಲಿ ಕಿವಿ ಪರೀಕ್ಷೆಯ ಮಾತೂ ಬರಲಿಲ್ಲ.

ಮೈಸೂರಿನಲ್ಲಿ ಮೊದಲು ನೋಡಿದ್ದೇ ಕಿವಿ. ‘ಇವನಿಗೆ ಕಿವಿ ಕೇಳುತ್ತದೆ, ಕರೆದರೆ ತಿರುಗುತ್ತಾನೆ’ ಅಂತ ನಮ್ಮತ್ತೆ ಹೇಳಿದರು. ಬಾಗಿಲು ಬಡಿದ ಸದ್ದು ಕೇಳುವ ಮಗುವಿಗೂ ‘ಸ’, ‘ಶ’ ಥರದ ಮೆಲುದನಿಗಳು ತಪ್ಪಿಹೋಗುತ್ತಿರಬಹುದು, ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ತುಂಬಿದ್ದರೂ ಹಾಗಾಗಬಹುದು ಅಂತ ಅವರಿಗೆ ಸಮಾಧಾನವಾಗಿ ವಿವರಿಸಿದರು. ಆಮೇಲೆ ಬೆರಾ ಪರೀಕ್ಷೆ. ಹಣೆಗೂ ಕಿವಿಯ ಹಿಂದೆಯೂ ಸಣ್ಣ ತಂತಿ ಅಂಟಿಸಿ, ಕಿವಿಯಲ್ಲಿ ಸದ್ದು ಕೊಟ್ಟು, ಅದು ಕಿವಿಯ ನರದಿಂದ ಮಿದುಳಿನ ಕಡೆಗೆ ತಲುಪುತ್ತಿದೆಯಾ ಅಂತ ನೋಡುತ್ತಾರೆ. ಮಗು ಮಲಗಿರಲೇಬೇಕು. ಹೋಗುವವರು ನೆನಪಿಡಿ: ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ, ಜಿಡ್ಡಿದ್ದರೆ ತಂತಿ ಅಂಟುವುದಿಲ್ಲ. ದಾರಿಯಲ್ಲಿ ಮಲಗಲು ಬಿಡಬೇಡಿ. ರೈಲಿನಲ್ಲಿ ಮಂಡ್ಯದಿಂದ ಮೈಸೂರಿನವರೆಗೂ ಮಗನನ್ನು ಎಚ್ಚರವಾಗಿಡಲು ಅವರಪ್ಪ ಪಟ್ಟ ಪಾಡು ನನಗೇ ಗೊತ್ತು. ಕಿವಿ ಸರಿಯಾಗಿದೆ ಅಂತ ಬಂತು.

ಆಮೇಲೆ ಭಾಷೆಯ ಮೌಲ್ಯಮಾಪನ. ಹುಟ್ಟಿದಾಗ ತಕ್ಷಣ ಅತ್ತನಾ, ತೂಕ ಎಷ್ಟಿತ್ತು, ಯಾವಾಗ ಕೂತ, ಯಾವಾಗ ನಡೆದ, ಸಂಬಂಧದಲ್ಲಿ ಮದುವೆಯಾ, ದಿನವೆಲ್ಲ ಮಗುವಿನ ಜೊತೆ ಯಾರಿರುತ್ತಾರೆ, ಮೊಬೈಲು ಎಷ್ಟು ಹೊತ್ತು, ಎಲ್ಲ ಕೇಳಿದರು. ತಾಯಿ ಕಾರ್ಡು ತೆಗೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಮಗು ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಅನ್ನುವುದನ್ನೂ ಎಷ್ಟು ಆಡುತ್ತದೆ ಅನ್ನುವುದನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ನನ್ನ ಮಗನಿಗೆ ಆಗ ಎರಡೂವರೆ ವರ್ಷ. ಅರ್ಥ ಮಾಡಿಕೊಳ್ಳುವುದು ಹೆಚ್ಚುಕಮ್ಮಿ ವಯಸ್ಸಿಗೆ ಹತ್ತಿರ ಇತ್ತು, ಆಡುವುದು ತುಂಬ ಹಿಂದೆ ಇತ್ತು. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಅಂತ ಎರಡು ಪದ ಜೋಡಿಸಬೇಕಿತ್ತು. ಇವನಿಗೆ ಬಿಡಿ ಪದಗಳೇ ಬೆರಳೆಣಿಕೆ. ‘ಗಂಡು ಮಕ್ಕಳು ನಿಧಾನ, ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಅಂತ ಹೇಳುವವರು ಎಲ್ಲರ ಮನೆಯಲ್ಲೂ ಇರುತ್ತಾರೆ, ಅಲ್ವಾ? ತಾನಾಗಿ ಸರಿಹೋಗುವ ಮಕ್ಕಳೂ ಇದ್ದಾರೆ. ಆದರೆ ಯಾವ ಮಗು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ತೋರಿಸಿಕೊಂಡು ಬಂದರೆ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ಥೆರಪಿ. ಇದು ಕಲಿಸುವ ಸಂಸ್ಥೆಯೂ ಹೌದು, ಹಾಗಾಗಿ ವಿದ್ಯಾರ್ಥಿಗಳು ಥೆರಪಿ ಕೊಡುತ್ತಾರೆ, ಅನುಭವಸ್ಥರು ಮೇಲ್ವಿಚಾರಣೆ ಮಾಡುತ್ತಾರೆ. ನಮಗೆ ಸಿಕ್ಕ ಹುಡುಗಿ ನನ್ನನ್ನೂ ಮಗನ ಪಕ್ಕ ಚಾಪೆಯ ಮೇಲೆ ಕೂರಿಸಿಕೊಂಡಳು. ಒಳಗಿರುವುದು ಕಾಣುವಂಥ ಡಬ್ಬಿಯಲ್ಲಿ ಬಿಸ್ಕತ್ತು ಹಾಕಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಅವನ ಕೈಗೇ ಕೊಟ್ಟಳು. ಅವನು ಎಳೆದ, ಅಲ್ಲಾಡಿಸಿದ, ನನ್ನ ಕೈಗೆ ತುರುಕಿದ. ನಾನು ತೆಗೆಯಲು ಹೋದರೆ ‘ಸ್ವಲ್ಪ ತಡೀರಿ ಮೇಡಂ’ ಅಂದಳು. ಅವನ ಮುಖವನ್ನೇ ನೋಡುತ್ತಾ ಸುಮ್ನೆ ಕಾದಳು. ಕೊನೆಗೆ ಅವಳೇ ನಿಧಾನವಾಗಿ ‘ತೆಗಿ’ ಅಂದಳು. ಮತ್ತೆ ಕಾದಳು. ‘ತೆ’ ಅಂದ. ತಕ್ಷಣ ಮುಚ್ಚಳ ತೆಗೆದು ಬಿಸ್ಕತ್ತು ಕೊಟ್ಟಳು. ‘ಸರಿಯಾಗಿ ಹೇಳು’ ಅಂತ ತಿದ್ದಲಿಲ್ಲ.

ಮನೆಗೆ ಕೊಟ್ಟ ಕೆಲಸವೂ ಇದೇ ಬಗೆಯದು. ‘ಇದೇನು? ಅದೇನು? ಹೇಳು ಹೇಳು’ ಅಂತ ಪರೀಕ್ಷೆ ಮಾಡಬೇಡಿ. ಅವನು ‘ಬಸ್ಸು’ ಅಂದರೆ ‘ಹೌದು, ಕೆಂಪು ಬಸ್ಸು ಬಂತು’ ಅಂತ ಒಂದೆರಡು ಪದ ಸೇರಿಸಿ ತಿರುಗಿ ಹೇಳಿ. ಸ್ನಾನ ಮಾಡಿಸುವಾಗ, ಅವರೆಕಾಯಿ ಬಿಡಿಸುವಾಗ ಮಾಡುತ್ತಿರುವುದನ್ನೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಆಡುತ್ತಾ ಹೋಗಿ. ಊಟದ ಹೊತ್ತಿಗೆ ಮೊಬೈಲು ಬೇಡ. ಕೇಳಲು ಸುಲಭ, ದಿನಾ ಮಾಡುವುದು ಕಷ್ಟ. ಇದರ ಭಾರ ಹೆಚ್ಚಾಗಿ ಅಮ್ಮಂದಿರ ಮೇಲೇ ಬೀಳುತ್ತದೆ, ಮನೆಯ ಉಳಿದವರು ಹಂಚಿಕೊಳ್ಳಲೇಬೇಕು. ಮೊದಲ ಕೆಲವು ತಿಂಗಳು ಏನೂ ಆಗುತ್ತಿಲ್ಲ ಅನ್ನಿಸಿತು. ಆಮೇಲೆ ಪದಗಳು ಬಂದವು, ಪದಗಳು ಜೋಡಿಯಾದವು. ಈಗ ಯುಕೆಜಿ, ಶಾಲೆಯಲ್ಲಿ ನಡೆದದ್ದನ್ನೆಲ್ಲ ಬಂದು ಹೇಳುತ್ತಾನೆ. ‘ರ’ ಇನ್ನೂ ಪೂರ್ತಿ ಹೊರಳುವುದಿಲ್ಲ. ಅದು ತಡವಾಗಿ ಕೂಡಿಬರುವ ಉಚ್ಚಾರಣೆ, ಸದ್ಯಕ್ಕೆ ಕಾಯಬಹುದು ಅಂದಿದ್ದಾರೆ.

ಮಗಳದ್ದು ಬೇರೆಯೇ ಕಥೆ. ನಾಲ್ಕನೇ ಕ್ಲಾಸು, ಖೋಖೋ ಹುಚ್ಚು, ಮೈದಾನದಲ್ಲಿ ಇವಳ ಕೂಗೇ ಜೋರು. ದನಿ ಒರಟಾಗಿ, ಸಂಜೆಯಾದರೆ ಹೊರಡದೇ ಹೋಗುತ್ತಿತ್ತು. ನೆಗಡಿ ಅಂತ ಕಷಾಯ ಕೊಟ್ಟದ್ದಾಯಿತು. ಎರಡು ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಷಾಯ ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕ್ಯಾಮೆರಾದಲ್ಲಿ ನೋಡಿದಾಗ ಎರಡೂ ಧ್ವನಿ ತಂತುಗಳ ಮೇಲೆ ಎದುರುಬದುರಾಗಿ ಪುಟ್ಟ ಗಂಟು. ಗಂಟು ಅಂದ ಕೂಡಲೇ ನಮ್ಮತ್ತೆ ಅತ್ತೇಬಿಟ್ಟರು. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವ ಹಾಗೆ, ಕೂಗಿ ಕೂಗಿ ತಂತುಗಳು ಒಂದಕ್ಕೊಂದು ಬಡಿದು ಆಗುವುದಿದು, ಕ್ಯಾನ್ಸರ್ ಅಲ್ಲ ಅಂತ ಹೇಳಿದ ಮೇಲೆ ಉಸಿರಾಡಿದರು. ಮಕ್ಕಳಿಗೆ ಇದಕ್ಕೆ ಆಪರೇಷನ್ ಬೇಕಾಗುವುದು ಅಪರೂಪ. ಧ್ವನಿ ಥೆರಪಿಯೇ ಮೊದಲ ಚಿಕಿತ್ಸೆ.

ಮೈಕಿನ ಮುಂದೆ ‘ಆ’ ಅಂತ ಒಂದೇ ಉಸಿರಲ್ಲಿ ಎಷ್ಟು ಹೊತ್ತು ಎಳೆಯುತ್ತಾಳೆ ಅಂತ ನೋಡಿ, ದನಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಕಲಿಸಿದ್ದು ಅವಳಿಗೆ ಆಟದಂತೆಯೇ ಇತ್ತು. ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ ‘ಊ’ ಅನ್ನುತ್ತಾ ಗುಳ್ಳೆ ಎಬ್ಬಿಸುವುದು, ತುಟಿ ಮುಚ್ಚಿ ‘ಮ್’ ಅಂತ ಗುನುಗುವುದು. ಗಂಟಲು ಕೆರೆದಂತಾದರೆ ಕ್ಯಾಕರಿಸುವ ಬದಲು ಒಂದು ಗುಟುಕು ನೀರು. ಆಟದಲ್ಲಿ ಕೂಗುವ ಬದಲು ಚಪ್ಪಾಳೆ. ಪಿಸುಗುಟ್ಟುವುದೂ ಬೇಡ, ಅದು ಗಂಟಲಿಗೆ ವಿಶ್ರಾಂತಿ ಅಲ್ಲ. ಮನೆಯವರಿಗೂ ಒಂದು ನಿಯಮ: ಅಡುಗೆಮನೆಯಿಂದ ಕೂಗಿ ಕರೆಯದೆ ಹತ್ತಿರ ಹೋಗಿ ಮಾತಾಡುವುದು. ಟಿವಿ ದನಿ ಇಳಿದ ಮೇಲೆ ಎಲ್ಲರ ದನಿಯೂ ಇಳಿಯಿತು. ಮಗಳ ದನಿ ಈಗ ತಿಳಿಯಾಗಿದೆ, ಖೋಖೋನೂ ಬಿಟ್ಟಿಲ್ಲ.

ಶುಲ್ಕ ಖಾಸಗಿಗಿಂತ ಎಷ್ಟೋ ಕಡಿಮೆ. ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಉಂಟು, ದಾಖಲೆ ಜೊತೆಗಿರಲಿ. ಬೇರೆ ರಾಜ್ಯಗಳಿಂದ ಬಂದು ಹತ್ತಿರದಲ್ಲೇ ರೂಮು ಮಾಡಿಕೊಂಡು ಮಕ್ಕಳಿಗೆ ಥೆರಪಿ ಕೊಡಿಸುವ ತಾಯಂದಿರನ್ನು ನೋಡಿದ್ದೇನೆ. ಅಷ್ಟು ದೂರ ಓಡಾಡಲು ಆಗದವರಿಗೆ ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಕಡೆ ಸಂಸ್ಥೆಯದೇ ಸೇವಾ ಕೇಂದ್ರಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಮಾಡುವ ತೊಂದರೆಗಳಲ್ಲಿ ಮಾತು ತಡವಾಗುವುದೂ ಸೇರಿದೆ, ಅಂಗನವಾಡಿಯಲ್ಲಿ ವಿಚಾರಿಸಿ. ಖಾಸಗಿಗೆ ಹೋಗುವುದಾದರೆ ಥೆರಪಿಸ್ಟ್ ಹತ್ತಿರ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇದೆಯಾ ಅಂತ ನೋಡಿ. ಸಂಕೋಚ ಬೇಡ, ಕೇಳಿ. ಒಳಗೆ ಕೂರಲು ಬಿಡುತ್ತಾರಾ ಅಂತಲೂ ಕೇಳಿ.

ಹೋಗುವಾಗ ದಿನವೆಲ್ಲ ಮಗುವಿನ ಜೊತೆ ಇರುವವರನ್ನು ಒಮ್ಮೆಯಾದರೂ ಕರೆದುಕೊಂಡು ಹೋಗಿ. ನಮ್ಮನೆಯಲ್ಲಿ ಅದು ಅಜ್ಜಿ. ಮಗು ಬಾಯಿ ತೆರೆಯುವ ಮುಂಚೆಯೇ ಬೇಕಾದ್ದು ಕೈಗೆ ಕೊಡುತ್ತಿದ್ದರು. ಒಂದು ದಿನ ಥೆರಪಿ ಕೋಣೆಯಲ್ಲಿ ಕೂತು ನೋಡಿ ಬಂದ ಮೇಲೆ ನನಗಿಂತ ಚೆನ್ನಾಗಿ ಕಾಯುವುದನ್ನು ಕಲಿತವರು ಅವರೇ.