ಸೀಸ ಬಿಟ್ಟು ತವರದ ಪೆಲೆಟ್: ಮೂರು ಏರ್ ರೈಫಲ್, ಹದಿನಾಲ್ಕು ತಿಂಗಳು

ಇದೆಲ್ಲ ಶುರುವಾಗಿದ್ದು ಒಂದು ಕೋಳಿಯಿಂದ.

ಕಟಪಾಡಿಯಲ್ಲಿ ನಮ್ಮ ಮನೆಯ ಹಿಂದೆ ಸಣ್ಣ ತೆಂಗಿನ ತೋಟ ಇದೆ. ಅಗಲ ಕಡಿಮೆ, ಉದ್ದ ಜಾಸ್ತಿ. ಅದರ ತುದಿಯಲ್ಲಿ ಹೊಯ್ಗೆ ತುಂಬಿದ ಗೋಣಿಗಳನ್ನು ಒಟ್ಟಿ, 10 ಮೀಟರ್ ಅಳೆದು, ನಾನೂ ಒಂಬತ್ತನೇ ಕ್ಲಾಸಿನ ಮಗಳೂ ಏರ್ ರೈಫಲ್ ಅಭ್ಯಾಸ ಮಾಡುತ್ತೇವೆ. ಒಂದು ದಿನ ಗೋಣಿ ಹರಿದು ಹೊಯ್ಗೆ ಚೆಲ್ಲಿತ್ತು. ಅಮ್ಮನ ಊರುಕೋಳಿಗಳು ಅಲ್ಲೇ ಕೆದಕುತ್ತಿದ್ದವು. ನಾನು ನೋಡುತ್ತಿದ್ದ ಹಾಗೆಯೇ ಒಂದು ಹೇಂಟೆ ಚಪ್ಪಟೆಯಾದ ಸೀಸದ ಪೆಲೆಟ್ಟನ್ನು, ಅಂದರೆ ಏರ್ ರೈಫಲ್‌ನ ಸಣ್ಣ ಗುಂಡನ್ನು, ಕೊಕ್ಕಿನಲ್ಲಿ ಹೆಕ್ಕಿ ನುಂಗಿಬಿಟ್ಟಿತು.

"ಎಂತ ಮಾರಾಯ, ಅದರ ಮೊಟ್ಟೆ ನಾವೇ ತಿನ್ನುವುದಲ್ವಾ?" ಅಂದರು ಅಮ್ಮ.

ಉತ್ತರ ಇರಲಿಲ್ಲ. ಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತದೆ. ಕಲ್ಲು ಅಂದುಕೊಂಡು ಸೀಸ ನುಂಗಿದರೆ ಅದೂ ಹೊಟ್ಟೆಯಲ್ಲಿ ಅರೆದು ರಕ್ತಕ್ಕೆ ಸೇರುತ್ತದೆ. ಹೊರದೇಶಗಳಲ್ಲಿ ಬೇಟೆಯ ಗುಂಡಿನಿಂದ ಸೀಸ ತೆಗೆಸಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಬಾತುಕೋಳಿಗಳು ಕೆರೆಯ ಕೆಸರಿನಲ್ಲಿ ಬಿದ್ದ ಚರೆಗಳನ್ನು (ಬೇಟೆಯ ಕೋವಿಯ ಸಣ್ಣ ಗುಂಡುಗಳನ್ನು) ಹೀಗೆಯೇ ನುಂಗಿ ಸಾಯುತ್ತಿದ್ದವು. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ 1991ರಲ್ಲಿ ನಿಂತಿತು. ಯುರೋಪಿನ ಒಕ್ಕೂಟದಲ್ಲಿ ಜೌಗು ಪ್ರದೇಶಗಳ ಮಟ್ಟಿಗೆ 2023ರ ಫೆಬ್ರವರಿಯಲ್ಲಿ ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಅಲ್ಲಿನವರು ಈಗ ತಾಮ್ರದ ಗುಂಡು ಹಾಕಿ, ಯಾವ ರೈಫಲ್‌ಗೆ ಯಾವುದು ಹೊಂದುತ್ತದೆ ಎಂದು ಕಾಗದದ ಮೇಲೆ ಹೊಡೆದು ನೋಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಈಗ ಬೇಟೆಯ ಮಾತೇ ಇಲ್ಲ. ನನ್ನದು ಬರೀ ಕಾಗದಕ್ಕೆ ಹೊಡೆಯುವ ಏರ್‌ಗನ್. ಆದರೂ ಪ್ರಶ್ನೆ ಅದೇ: ಸೀಸ ಬಿಟ್ಟರೆ ಗುರಿ ನಿಲ್ಲುತ್ತದಾ?

ಬೆಂಗಳೂರಿನ ಒಂದು ಅಂಗಡಿಯಿಂದ ಹೊರದೇಶದ ತವರದ ಪೆಲೆಟ್ ತರಿಸಿದೆ. 300ರ ಡಬ್ಬಿಗೆ 1,150 ರೂಪಾಯಿ. ನಾನು ಮೊದಲು ಬಳಸುತ್ತಿದ್ದ ಸೀಸದ್ದು 500ಕ್ಕೆ 550 ರೂಪಾಯಿ. ಅಂದರೆ ಒಂದೊಂದು ಹೊಡೆತಕ್ಕೆ ಮೂರೂವರೆ ಪಟ್ಟು ದುಡ್ಡು. ತವರ ಲೋಹವೇ ಸೀಸಕ್ಕಿಂತ ಹತ್ತು ಪಟ್ಟಿಗಿಂತ ಜಾಸ್ತಿ ದುಬಾರಿ, ಹಾಗಾಗಿ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಮೊದಲ ಡಬ್ಬಿ ಕೊರಿಯರ್‌ನಲ್ಲಿ ಜಜ್ಜಿ ಬಂತು, ಒಳಗೆ ಇಪ್ಪತ್ತಕ್ಕೂ ಜಾಸ್ತಿ ಪೆಲೆಟ್ ಬಾಗಿದ್ದವು. ಅದಕ್ಕೆ ಮಾತ್ರ ಬೈದೆ.

ತವರ ಅಂದಾಗ ಅಮ್ಮನಿಗೆ ಸಮಾಧಾನವಾಯಿತು. "ಕಲಾಯಿಯ ತವರ ಅಲ್ವಾ? ಹಿತ್ತಾಳೆ ಪಾತ್ರೆಗೆ ಅದನ್ನೇ ಬಳಿಸಿ ಹುಳಿ ಬೇಯಿಸಿದ್ದೇವೆ ಇಷ್ಟು ವರ್ಷ" ಅಂದರು. ನಾನು ಒಂದು ಪುಟ ವಿವರಿಸಬೇಕಿದ್ದುದನ್ನು ಅವರೇ ಎರಡು ಮಾತಿನಲ್ಲಿ ಮುಗಿಸಿದರು.

ತೊಡಕು ಇರುವುದು ತೂಕದಲ್ಲಿ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ತವರ 7.3 ಗ್ರಾಂ ಮಾತ್ರ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಇಟ್ಟರೆ ನನ್ನ ಸೀಸದ ಪೆಲೆಟ್ 0.53 ಗ್ರಾಂ, ತವರದ್ದು 0.36. ಎರಡೂ 4.5 ಮಿ.ಮೀ.ನವೇ. ಹಗುರ ಅಂದರೆ ವೇಗ ಜಾಸ್ತಿ, ಆದರೆ ಗಾಳಿಯಲ್ಲಿ ಆ ವೇಗ ಬೇಗ ಇಳಿಯುತ್ತದೆ. ಇನ್ನೊಂದು ವಿಷಯ ಗಡಸುತನ. ಪೆಲೆಟ್‌ನ ಹಿಂಬದಿಯ ತೆಳು ಅಂಚಿಗೆ ಸ್ಕರ್ಟ್ ಅನ್ನುತ್ತಾರೆ. ಹಿಂದಿನಿಂದ ಗಾಳಿ ತಳ್ಳಿದಾಗ ಸೀಸದ ಸ್ಕರ್ಟ್ ಅರಳಿ ನಳಿಗೆಯ ಗೋಡೆಗೆ ಗಟ್ಟಿ ಕೂರುತ್ತದೆ. ತವರ ಅಷ್ಟು ಸುಲಭವಾಗಿ ಅರಳುವುದಿಲ್ಲ. ಮುಂದೆ ಹೇಳುವ ಜಗಳಗಳಲ್ಲಿ ಮುಕ್ಕಾಲುಪಾಲು ಇದರಿಂದಲೇ.

ಹೊಡೆದು ನೋಡಿದ್ದು ಮೂರು ರೈಫಲ್‌ಗಳಲ್ಲಿ. ಒಂದು ಮಾವನ ಮನೆಯಿಂದ ಬಂದ ಹಳೆಯ ಸ್ಪ್ರಿಂಗ್ ರೈಫಲ್, ನಳಿಗೆ ಮಡಚಿ ಲೋಡ್ ಮಾಡುವಂಥದ್ದು, ಇಪ್ಪತ್ತು ವರ್ಷಕ್ಕೂ ಹಳತು. ಎರಡನೆಯದು ಮೂರು ವರ್ಷದ ಹಿಂದೆ ಕೊಂಡ ಗ್ಯಾಸ್ ಪಿಸ್ಟನ್ ರೈಫಲ್, ಪಿಸ್ಟನ್ನನ್ನು ಸ್ಪ್ರಿಂಗ್ ಬದಲು ಒಳಗಿನ ಗ್ಯಾಸ್ ತಳ್ಳುವಂಥದ್ದು. ಮೂರನೆಯದು ಮಗಳು ಅಭ್ಯಾಸಕ್ಕೆ ಹೋಗುವ ಮಂಗಳೂರಿನ ರೇಂಜಿನಲ್ಲಿರುವ ಸ್ಪರ್ಧೆಯ ರೈಫಲ್, ಸಿಲಿಂಡರ್‌ನಲ್ಲಿ ಗಾಳಿ ತುಂಬಿಸುವಂಥದ್ದು. 4.5 ಮಿ.ಮೀ. ನಳಿಗೆ, 20 ಜೂಲ್ ಒಳಗಿನ ಶಕ್ತಿ ಇದ್ದರೆ ಲೈಸನ್ಸ್ ಬೇಡ. ಈ ಮೂರೂ ಅದರೊಳಗೇ ಬರುತ್ತವೆ.

ಮೊದಲ ತಿಂಗಳ ಲೆಕ್ಕವನ್ನು ಪೂರ್ತಿ ಹರಿದು ಬಿಸಾಡಿದೆ. ತಪ್ಪು ನನ್ನದೇ. ಸೀಸ ಹೊಡೆದ ನಳಿಗೆಯಲ್ಲೇ ಸುಮ್ನೆ ತವರ ಹಾಕಿ ಹತ್ತು ಹೊಡೆದು, ಛೆ ಇದು ಆಗುವುದಿಲ್ಲ ಅಂದುಕೊಂಡೆ. ರೇಂಜಿನ ಕೋಚ್ ನಕ್ಕರು. "ಸರ್, ನಳಿಗೆಯಲ್ಲಿ ಸೀಸದ ಪದರ ಇರ್ತದೆ. ಅದನ್ನು ತೆಗೆಯದೆ ಹೊಸ ಪೆಲೆಟ್ ಪರೀಕ್ಷೆ ಮಾಡಿದರೆ ನೀವು ಪೆಲೆಟ್ಟನ್ನಲ್ಲ, ಕೊಳೆಯನ್ನು ಪರೀಕ್ಷೆ ಮಾಡಿದ ಹಾಗೆ." ಅಂದಿನಿಂದ ಪೆಲೆಟ್ ಬದಲಿಸುವಾಗಲೆಲ್ಲ ಬಟ್ಟೆ ಎಳೆದು ನಳಿಗೆ ಒರೆಸಿ, 40 ಹೊಡೆತ ಲೆಕ್ಕಕ್ಕಿಲ್ಲದೆ ಹೊಡೆದು, ಆಮೇಲೆ ಹತ್ತರ ಗುಂಪು ಅಳೆಯುತ್ತೇನೆ. ಗುಂಪು ಅಂದರೆ ಕಾಗದದ ಮೇಲೆ ತೂತುಗಳು ಎಷ್ಟು ಅಗಲಕ್ಕೆ ಹರಡಿವೆ ಅನ್ನುವುದು, ಸಣ್ಣದಾದಷ್ಟು ಒಳ್ಳೆಯದು. ಐದರ ಗುಂಪು ಅಳೆದರೆ ಚಂದ ಕಾಣುತ್ತದೆ. ಹತ್ತು ಹೊಡೆದಾಗಲೇ ಬಣ್ಣ ಬಯಲಾಗುವುದು. ಕೆಳಗಿನ ಅಳತೆ ಎಲ್ಲ ಹತ್ತು ಹೊಡೆತದ್ದು, ಮರಳುಚೀಲದ ಮೇಲೆ ರೈಫಲ್ ಇಟ್ಟು ಹೊಡೆದದ್ದು, ಅತಿ ದೂರದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದದ್ದು.

ಹಳೆಯ ಸ್ಪ್ರಿಂಗ್ ರೈಫಲ್‌ನಲ್ಲಿ ತವರ ಸೋತಿತು. ಸೀಸ 10 ಮೀಟರ್‌ನಲ್ಲಿ 11 ಮಿ.ಮೀ. ಗುಂಪು ಕೊಡುತ್ತದೆ, ಅದರ ವಯಸ್ಸಿಗೆ ಅದು ದೊಡ್ಡ ಮಾತೇ. ತವರದ್ದು 27. ಏಳು ಒಂದೇ ಕಡೆ ಬೀಳುತ್ತವೆ, ಮೂರು ಎಲ್ಲಿಗೋ ಹೋಗುತ್ತವೆ. ಯಾವ ಮೂರು ಅಂತ ಮೊದಲೇ ಗೊತ್ತಾದರೆ ಒಳ್ಳೆಯದಿತ್ತು! ಆ ನಳಿಗೆ ಸವೆದು ಸ್ವಲ್ಪ ಸಡಿಲವಾಗಿದೆ. ಪೆಲೆಟ್ ಬೆರಳಲ್ಲಿ ಒತ್ತದೆಯೇ ಒಳಗೆ ಜಾರುತ್ತದೆ. ಸೀಸ ಅರಳಿ ಆ ಸಡಿಲು ತುಂಬಿಕೊಳ್ಳುತ್ತದೆ, ತವರ ತುಂಬಿಕೊಳ್ಳುವುದಿಲ್ಲ. ಸೀಸದ ಪೆಲೆಟ್‌ಗಳಲ್ಲಿ ತಲೆಯ ಅಳತೆ 4.50, 4.51, 4.52 ಅಂತ ಆರಿಸಿಕೊಳ್ಳಬಹುದು. ತವರದಲ್ಲಿ ನನಗೆ ಸಿಕ್ಕಿದ್ದು ಒಂದೇ ಅಳತೆ. ಜೊತೆಗೆ ಹೊಡೆತದ ಸದ್ದೂ ಬೇರೆಯಾಯಿತು, ಒಳಗೆ ಯಾರೋ ಸುತ್ತಿಗೆ ಬಡಿದ ಹಾಗೆ. ಪೆಲೆಟ್ ಹಗುರವಾದಷ್ಟು ಪಿಸ್ಟನ್‌ಗೆ ಎದುರು ಒತ್ತಡ ಸಿಗುವುದಿಲ್ಲ, ಹೋಗಿ ಗೋಡೆಗೆ ಬಡಿಯುತ್ತದೆ. ಖಾಲಿ ಹೊಡೆತ ಸ್ಪ್ರಿಂಗ್ ರೈಫಲ್‌ಗೆ ಒಳ್ಳೆಯದಲ್ಲ ಅನ್ನುವುದೂ ಇದೇ ಕಾರಣಕ್ಕೆ. ನೂರು ಹೊಡೆತಕ್ಕೆ ನಿಲ್ಲಿಸಿದೆ.

ಗ್ಯಾಸ್ ಪಿಸ್ಟನ್ ರೈಫಲ್‌ನಲ್ಲೂ ಹೀಗೇ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಸೀಸ 13 ಮಿ.ಮೀ., ತವರ 12! ನಂಬಿಕೆಯಾಗದೆ ಮೂರು ಭಾನುವಾರ ಮತ್ತೆ ಮತ್ತೆ ಹೊಡೆದೆ. 12, 14, 12. ಗೆಳೆಯನ ಕ್ರೋನೋಗ್ರಾಫ್ ತಂದು ವೇಗ ನೋಡಿದೆವು. ಸೀಸ ಸೆಕೆಂಡಿಗೆ 245 ಮೀಟರ್, ತವರ 292. ಈ ರೈಫಲ್‌ನ ಒತ್ತಡ ಜಾಸ್ತಿ, ನಳಿಗೆ ಬಿಗಿ. ಗಡಸು ಸ್ಕರ್ಟ್ ಕೂಡ ಒಳಗೆ ಸರಿಯಾಗಿ ಕೂರುತ್ತದೆ ಅಂತ ನನ್ನ ಲೆಕ್ಕ. ಆದರೆ ಬಿಗಿ ಅಂದರೆ ಬಿಗಿಯೇ. ಬರಿ ಹೆಬ್ಬೆರಳಿನಿಂದ ಒತ್ತಿದರೆ ಐವತ್ತು ಹೊಡೆಯುವಷ್ಟರಲ್ಲಿ ಉಗುರು ಕೆಂಪಾಗುತ್ತದೆ. ಮಗಳು ಹಳೆಯ ಪೆನ್ನಿನ ಮುಚ್ಚಳದಿಂದ ಒತ್ತುವ ಉಪಾಯ ಕಂಡುಹಿಡಿದಳು. ಪ್ರತಿಯೊಂದೂ ಒಂದೇ ಆಳಕ್ಕೆ ಕೂರತೊಡಗಿದ ಮೇಲೆ ಗುಂಪು ಇನ್ನೂ ಒಂದು ಮಿ.ಮೀ. ಸಣ್ಣದಾಯಿತು. ಸ್ಕೋಪ್ ಮಾತ್ರ ಮತ್ತೆ ಹೊಂದಿಸಬೇಕು. ಸೀಸಕ್ಕೆ ಹೊಂದಿಸಿದ ಗುರಿಯಲ್ಲಿ ತವರ ಎರಡು ಸೆಂಟಿಮೀಟರ್ ಮೇಲೆ, ಸ್ವಲ್ಪ ಎಡಕ್ಕೆ ಬೀಳುತ್ತದೆ. ಒಂದು ದಿನ ಅದು, ಒಂದು ದಿನ ಇದು ಅಂತ ಹೊಡೆಯುವವರಿಗೆ ಇದು ತಲೆನೋವು.

25 ಮೀಟರ್‌ಗೆ ಹೋದರೆ ಕಥೆ ಬೇರೆ. ಬೆಳಿಗ್ಗೆ ಏಳಕ್ಕೆ, ತೆಂಗಿನ ಗರಿ ಅಲ್ಲಾಡದ ಹೊತ್ತಿನಲ್ಲಿ, ಸೀಸ 24 ಮಿ.ಮೀ., ತವರ 29. ಪರವಾಗಿಲ್ಲ. ಮಧ್ಯಾಹ್ನ ಮಟ್ಟು ಕಡೆಯಿಂದ ಕಡಲ ಗಾಳಿ ಏಳುತ್ತದಲ್ಲ, ಆಗ ತವರದ ಗುಂಪು 50 ದಾಟಿತು. ನಮ್ಮ ಕರಾವಳಿಯಲ್ಲಿ ಹನ್ನೊಂದು ಗಂಟೆಯ ಮೇಲೆ ತವರ ಹಾಕಿ ದೂರಕ್ಕೆ ಹೊಡೆಯುವುದು ದುಡ್ಡು ಗಾಳಿಗೆ ತೂರಿದ ಹಾಗೆಯೇ.

ಸ್ಪರ್ಧೆಯ ರೈಫಲ್‌ನಲ್ಲಿ ಸೀಸ 4 ಮಿ.ಮೀ., ತವರ 7. ನನ್ನಂಥವನಿಗೆ ಎರಡೂ ಒಂದೇ. ಆದರೆ 10 ಮೀಟರ್ ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ. ಅಗಲ ಮಾತ್ರ. ಪಕ್ಕದ ಒಂಬತ್ತರ ವೃತ್ತ 5.5 ಮಿ.ಮೀ. ಅಲ್ಲಿ ಮೂರು ಮಿ.ಮೀ. ಅಂದರೆ ಪದಕಕ್ಕೂ ಚಪ್ಪಾಳೆಗೂ ಇರುವ ದೂರ. ಅಂತರರಾಷ್ಟ್ರೀಯ ನಿಯಮದಲ್ಲಿ ಸೀಸ ಅಥವಾ ಬೇರೆ ಮೆತ್ತಗಿನ ವಸ್ತುವಿನ ಪೆಲೆಟ್ ಅಂತಲೇ ಇದೆ, ಹಾಗಾಗಿ ತವರಕ್ಕೆ ಅಡ್ಡಿ ಇರಲಾರದು. ಆದರೂ ಕೋಚ್ ಒಪ್ಪುವುದಿಲ್ಲ, ನಾನೂ ಒತ್ತಾಯಿಸಲಿಲ್ಲ. ರೇಂಜಿನಲ್ಲಿ ಮಗಳು ಸೀಸವನ್ನೇ ಹೊಡೆಯುತ್ತಾಳೆ. ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು ಅನ್ನುವುದು ಮನೆಯ ಕಾನೂನು. ಮೊದಲೆಲ್ಲ ಅದೇ ಬೂದು ಬಣ್ಣದ ಬೆರಳಲ್ಲಿ ಗೋಳಿಬಜೆ ತಿನ್ನುತ್ತಾ ಬಸ್ಸು ಹತ್ತುತ್ತಿದ್ದಳು. ಈಗ ನೆನೆಸಿದರೆ ಹೊಟ್ಟೆ ಚುರ್ ಅನ್ನುತ್ತದೆ. ಪೆಟ್ರೋಲಿನಿಂದ ಸೀಸ ತೆಗೆದು 2000ದಿಂದ ಇಷ್ಟು ವರ್ಷವಾಯಿತು, ನಾನು ಮಾತ್ರ ಮಗಳ ಕೈಗೆ ಡಬ್ಬಿಗಟ್ಟಲೆ ಕೊಡುತ್ತಿದ್ದೆ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ತವರ ಪುಟಿಯುತ್ತದೆ. ಸೀಸ ಗಟ್ಟಿ ಜಾಗಕ್ಕೆ ಬಡಿದರೆ ಹೆಚ್ಚಾಗಿ ರೊಟ್ಟಿಯಾಗಿ ಅಲ್ಲೇ ಬೀಳುತ್ತದೆ. ಎರಡನೇ ತಿಂಗಳಲ್ಲಿ ಒಂದು ತವರದ ಪೆಲೆಟ್ ಗೋಣಿ ತಪ್ಪಿ ಹಿಂದಿನ ಕೆಂಪುಕಲ್ಲಿನ ಗೋಡೆಗೆ ಬಡಿದು ವಾಪಸ್ ಬಂತು. ನನ್ನ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬಕೆಟ್‌ಗೆ ತೂತು. ಬಕೆಟ್ ಇದ್ದ ಜಾಗದಲ್ಲಿ ಐದು ನಿಮಿಷ ಮೊದಲು ಮಗಳು ಕೂತಿದ್ದಳು. ಅವತ್ತೇ ಗೋಣಿಗಳನ್ನು ಎರಡು ಪಟ್ಟು ಎತ್ತರ ಮಾಡಿದೆ, ಎದುರಿಗೆ ತೆಂಗಿನ ನಾರಿನ ಹಳೆಯ ಹಾಸಿಗೆ ಕಟ್ಟಿದೆ, ಇಬ್ಬರಿಗೂ ಕನ್ನಡಕ ತಂದೆ. ಕಬ್ಬಿಣದ ಟಾರ್ಗೆಟ್‌ಗೆ ತವರ ಹೊಡೆಯಲೇಬೇಡಿ.

ಮಳೆಗಾಲದಲ್ಲಿ ಮಾತ್ರ ತವರದ್ದೇ ಮೇಲುಗೈ, ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಆಟಿಯಲ್ಲಿ ನಮ್ಮ ಮನೆಯ ಚಪ್ಪಲಿಗೂ ಬೂಷ್ಟು ಬರುತ್ತದೆ. ಸೀಸದ ಡಬ್ಬಿ ತೆರೆದರೆ ಪೆಲೆಟ್‌ಗಳ ಮೇಲೆ ಬಿಳಿ ಪುಡಿ, ಅದು ಸೀಸ ಗಾಳಿ ತೇವಕ್ಕೆ ಕೆಟ್ಟು ಆಗುವ ಪುಡಿ. ಊದಿದರೆ ಮೂಗಿಗೆ ಹೋಗುತ್ತದೆ, ಊದಬೇಡಿ. ತವರದ ಡಬ್ಬಿಯನ್ನು ಅದೇ ಕಪಾಟಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇಟ್ಟಿದ್ದೆ. ತೆಗೆದಾಗ ಹೊಸದರ ಹಾಗೆ ಹೊಳೆಯುತ್ತಿತ್ತು, ಗುಂಪಿನಲ್ಲೂ ವ್ಯತ್ಯಾಸವಿಲ್ಲ.

ಬೇಸರಪಟ್ಟವರು ಒಬ್ಬರೇ, ಪಕ್ಕದ ಮನೆಯ ಅಣ್ಣ. ನಮ್ಮ ಗೋಣಿ ಜಾಲಾಡಿ ಸೀಸ ಹೆಕ್ಕಿ ಕರಗಿಸಿ ಬೀಸುಬಲೆಗೆ ಗುಂಡು ಮಾಡಿಕೊಳ್ಳುತ್ತಿದ್ದರು. ಈಗ ತವರ ಸಿಗುತ್ತದೆ, ಬಲೆ ಮುಳುಗಿಸುವಷ್ಟು ತೂಕ ಇಲ್ಲ. "ನಿಮ್ಮ ಹೊಸ ಗುಂಡು ಎಂತಕ್ಕೂ ಪ್ರಯೋಜನ ಇಲ್ಲ" ಅನ್ನುತ್ತಾರೆ.

ಇಲ್ಲಿವರೆಗೆ ಆರು ಡಬ್ಬಿ ಮುಗಿದಿದೆ. ಕೊಳ್ಳುವವರಿಗೆ ಒಂದೇ ಮಾತು: ಒಂದು ಡಬ್ಬಿ ತರಿಸಿ, ನಿಮ್ಮ ರೈಫಲ್‌ನಲ್ಲೇ ನೋಡಿ. ನನ್ನ 12 ಮಿ.ಮೀ. ಓದಿ ಆರು ಡಬ್ಬಿ ಒಟ್ಟಿಗೆ ತರಿಸಬೇಡಿ, ನನ್ನ 27 ಓದಿ ಬಿಟ್ಟೂ ಬಿಡಬೇಡಿ. ನಳಿಗೆ ಬಿಗಿಯಾಗಿರುವ, ಶಕ್ತಿ ಇರುವ ರೈಫಲ್, ಮನೆಯ ಹಿತ್ತಲು, 10 ಮೀಟರ್, ಸುತ್ತ ಮಕ್ಕಳು, ಕೋಳಿ, ಬಾವಿ ಇದ್ದರೆ ಕಣ್ಣುಮುಚ್ಚಿ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಳೆಯ ಸ್ಪ್ರಿಂಗ್ ರೈಫಲ್‌ಗೆ ಒಂದೂವರೆ. ಬೆಲೆಗೆ ಎರಡು.

ಸ್ಪ್ರಿಂಗ್ ರೈಫಲ್ ಈಗ ಎಣ್ಣೆ ಹಚ್ಚಿಸಿಕೊಂಡು ಅಟ್ಟದ ಮೇಲಿದೆ. ಹಳೆಯ ಹೊಯ್ಗೆಯನ್ನು ಜರಡಿ ಹಿಡಿದು ಎರಡೂವರೆ ಕಿಲೋ ಸೀಸ ತೆಗೆದೆವು, ಅದಷ್ಟೂ ಅಣ್ಣನ ಬಲೆಗೆ ಹೋಯಿತು. ಆ ಹೇಂಟೆ ಇನ್ನೂ ಇದೆ. ಅದರ ಮೊಟ್ಟೆಯನ್ನು ಮಾತ್ರ ಅಮ್ಮ ಇವತ್ತಿಗೂ ಬೇರೆ ಇಟ್ಟು ಮರಿಗೆ ಕೂರಿಸುತ್ತಾರೆ, ಒಲೆಗೆ ತರುವುದಿಲ್ಲ.