ತರ್ಕದ ತಪ್ಪು ಹಿಡಿಯಲು ಯಾವ ದಾರಿ ವಾಸಿ?

ರಾಷ್ಟ್ರೀಯ ಕಾನೂನು ವಿವಿಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ. ಉತ್ತರ ತಪ್ಪಾದರೆ ಕಾಲು ಅಂಕ ಕಟ್. ಪೇಪರಿನ ಸುಮಾರು ಐದನೇ ಒಂದು ಪಾಲು ಲಾಜಿಕಲ್ ರೀಸನಿಂಗ್, ಅಂದರೆ ವಾದಗಳನ್ನು ತೂಗಿ ನೋಡುವ ಪ್ರಶ್ನೆಗಳು. ವಾದ ಎಲ್ಲಿ ಜಾರಿತು ಎಂದು ಹುಡುಕುತ್ತಾ ಕೂರಲು ಟೈಮ್ ಎಲ್ಲಿದೆ?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವವರು ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ. ಮುಖ್ಯವಾದ ಮೂರನ್ನು ನಾನು ಎಲ್‌ಸ್ಯಾಟ್‌ನ ಹಳೆಯ ಪೇಪರ್‌ಗಳ ಮೇಲೆ ಹಚ್ಚಿ ನೋಡಿದೆ. ಅಮೆರಿಕದ ಲಾ ಸ್ಕೂಲ್‌ಗಳ ಈ ಪರೀಕ್ಷೆ 'ಈ ವಾದದಲ್ಲಿ ತಪ್ಪೇನು' ಎಂದು ನೇರವಾಗಿಯೇ ಕೇಳುತ್ತದೆ. 2024ರ ಆಗಸ್ಟ್‌ನಲ್ಲಿ ಲಾಜಿಕ್ ಗೇಮ್ಸ್ ಎಂಬ ಒಗಟಿನಂಥ ವಿಭಾಗ ತೆಗೆದ ಮೇಲಂತೂ ಅಂಕಕ್ಕೆ ಸೇರುವ ಲಾಜಿಕಲ್ ರೀಸನಿಂಗ್ ವಿಭಾಗಗಳು ಎರಡಾಗಿವೆ.

ಹೋಲಿಕೆಗೆ ನಾನೇ ಕಟ್ಟಿದ ಒಂದು ಕೋಚಿಂಗ್ ಸೆಂಟರ್ ಜಾಹೀರಾತು: 'ನಮ್ಮಲ್ಲಿ ಕಲಿತ ಹತ್ತರಲ್ಲಿ ಎಂಟು ಮಂದಿಗೆ ಸೀಟು ಸಿಕ್ಕಿದೆ. ಬೇರೆ ಕಡೆ ಕಲಿತ ಹತ್ತರಲ್ಲಿ ಇಬ್ಬರಿಗೂ ಸಿಕ್ಕಿಲ್ಲ. ಆದ್ದರಿಂದ ನಮ್ಮ ಪಾಠವೇ ಸೀಟು ಕೊಡಿಸುತ್ತದೆ.'

ಮೊದಲನೆಯದು ತಪ್ಪುಗಳ ಹೆಸರು ಬಾಯಿಪಾಠ ಮಾಡುವುದು. ಆಡ್ ಹಾಮಿನೆಮ್ (ಮಾತು ಬಿಟ್ಟು ಆಡಿದವರನ್ನು ಟೀಕಿಸುವುದು), ಸ್ಟ್ರಾ ಮ್ಯಾನ್ (ಎದುರಿನವರ ಮಾತನ್ನು ತಿರುಚಿ ಅದನ್ನು ಖಂಡಿಸುವುದು), ಪೋಸ್ಟ್ ಹಾಕ್ (ಮೊದಲು ಆದದ್ದೇ ಆಮೇಲೆ ಆದದ್ದಕ್ಕೆ ಕಾರಣ ಎನ್ನುವುದು), ಹೀಗೆ ಉದ್ದದ ಪಟ್ಟಿ. ಓದುವಾಗ ಭಾರೀ ಖುಷಿ ಕೊಡುತ್ತದೆ, ಚಹಾ ಅಂಗಡಿ ಚರ್ಚೆಯಲ್ಲಿ ಇನ್ನೂ ಜಾಸ್ತಿ. ಆದರೆ ಆಯ್ಕೆಗಳಲ್ಲಿ ಈ ಹೆಸರುಗಳು ಬರುವುದೇ ಅಪರೂಪ. 'ಹೇಳಿದ ಮಾತನ್ನು ಬಿಟ್ಟು ಹೇಳಿದವರನ್ನು ಟೀಕಿಸುತ್ತದೆ' ಎಂಬಂತೆ ವಿವರಿಸಿರುತ್ತಾರೆ. ಜಾಹೀರಾತಿಗೆ ಯಾವ ಹೆಸರು ಎಂದು ನೋಡಿದರೆ ಎರಡು ಮೂರು ಹೊಂದುವಂತೆ ಕಾಣುತ್ತವೆ. ಅಲ್ಲೇ ನಿಮಿಷ ಮುಗಿಯುತ್ತದೆ.

ಎರಡನೆಯದು ಸಂದು ಹುಡುಕುವುದು. ನನ್ನ ಓಟು ಇದಕ್ಕೇ. ಮೊದಲು 'ಆದ್ದರಿಂದ' ಎಲ್ಲಿದೆ ನೋಡಿ, ತೀರ್ಮಾನ ಅಲ್ಲಿರುತ್ತದೆ. ಆಮೇಲೆ ಒಂದೇ ಪ್ರಶ್ನೆ: ಕೊಟ್ಟ ಮಾತೆಲ್ಲ ನಿಜವಿದ್ದೂ ತೀರ್ಮಾನ ಸುಳ್ಳಾಗಬಹುದಾ? ಆಗಬಹುದು. ಪ್ರವೇಶಕ್ಕೇ ಪರೀಕ್ಷೆ ಇಟ್ಟು ಜಾಣರನ್ನಷ್ಟೇ ಸೇರಿಸಿಕೊಂಡಿದ್ದರೆ? ಅವರು ಮನೆಯಲ್ಲಿ ಕೂತು ಓದಿದ್ದರೂ ಸೀಟು ಸಿಗುತ್ತಿತ್ತೇನೋ. ಇಷ್ಟು ಹೊಳೆದ ಮೇಲೆ 'ಫಲಿತಾಂಶಕ್ಕೆ ಬೇರೆ ಕಾರಣ ಇರಬಹುದೆಂಬುದನ್ನು ಗಮನಿಸಿಲ್ಲ' ಎಂಬ ಆಯ್ಕೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲೇ 'ಸ್ವಲ್ಪ ಜನರನ್ನು ನೋಡಿ ಎಲ್ಲ ವಿದ್ಯಾರ್ಥಿಗಳ ಬಗ್ಗೆ ಹೇಳಿದೆ' ಎಂಬ ಆಸೆ ಹುಟ್ಟಿಸುವ ಆಯ್ಕೆಯೂ ಇರುತ್ತದೆ. ಜಾಹೀರಾತು ಹಾಗೆ ಮಾಡಿಯೇ ಇಲ್ಲ, ತನ್ನಲ್ಲಿ ಕಲಿತವರೆಲ್ಲರ ಲೆಕ್ಕ ಕೊಟ್ಟಿದೆ.

ಮೂರನೆಯದು ಅದೇ ಚೌಕಟ್ಟಿಗೆ ಬೇರೆ ವಿಷಯ ತುಂಬುವುದು. 'ವಕೀಲರೆಲ್ಲ ಕಾನೂನು ಓದಿದವರು. ಈಕೆ ಕಾನೂನು ಓದಿದ್ದಾಳೆ. ಹಾಗಾದರೆ ಈಕೆ ವಕೀಲೆ.' ಅವಸರದಲ್ಲಿ ಓದಿದರೆ ಸರಿ ಅನಿಸುತ್ತದೆ, ಅಲ್ವಾ? ಈಗ ಇದನ್ನು ನೋಡಿ: 'ಧಾರವಾಡದವರೆಲ್ಲ ಕರ್ನಾಟಕದವರು. ಈಕೆ ಕರ್ನಾಟಕದವಳು. ಹಾಗಾದರೆ ಈಕೆ ಧಾರವಾಡದವಳು.' ಮೈಸೂರಿನವರು ನಕ್ಕುಬಿಡುತ್ತಾರೆ. 'ಎಲ್ಲ', 'ಮಾತ್ರ', 'ಇದ್ದರೆ' ಇರುವ ವಾದಗಳಿಗೆ ಇದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಕಾರಣ-ಪರಿಣಾಮದ ವಾದಕ್ಕೆ ಮಾತ್ರ ಇದು ಸುತ್ತುದಾರಿ.

ವಾದ ಬಿಟ್ಟು ಆಯ್ಕೆಗಳನ್ನೇ ಮೊದಲು ಓದುವವರೂ ಇದ್ದಾರೆ. ಬೇಡ. ತಪ್ಪು ಆಯ್ಕೆಗಳನ್ನು ಬರೆದಿರುವುದೇ ಅಂಥವರಿಗಾಗಿ.

ಕ್ಲಾಟ್‌ನ ಪ್ಯಾಸೇಜ್ ಉದ್ದ. ಒಂದರ ಮೇಲೆಯೇ ನಾಲ್ಕೈದು ಪ್ರಶ್ನೆ. ಅಲ್ಲಿ ಓದುವಾಗಲೇ ಲೇಖಕರ ತೀರ್ಮಾನಕ್ಕೆ ಗೆರೆ ಎಳೆದುಕೊಂಡು ಎರಡನೆಯ ದಾರಿ ಹಿಡಿಯುವುದು ಒಳ್ಳೆಯದು. ಶೇಕಡಾ ಲೆಕ್ಕ ಬಂದರೆ ಸುಮ್ನೆ ಅಂಕಿ ಹಾಕಿ ನೋಡಿ. 'ಪರೀಕ್ಷೆ ಬರೆದವರಲ್ಲಿ ಹುಡುಗಿಯರ ಪಾಲು ಶೇ 40ರಿಂದ 50ಕ್ಕೆ ಏರಿತು, ಆದ್ದರಿಂದ ಹುಡುಗಿಯರ ಸಂಖ್ಯೆ ಹೆಚ್ಚಿತು' ಎನ್ನುತ್ತಾರೆ. ಒಟ್ಟು ಬರೆದವರು ಮೊದಲು 1000, ಈಗ 600 ಎಂದಿಟ್ಟುಕೊಳ್ಳಿ. 400 ಇದ್ದ ಹುಡುಗಿಯರು 300ಕ್ಕೆ ಇಳಿದರು.