ಮಂಡಕ್ಕಿ ಅಂಗಡಿಯಲ್ಲಿ ಕಂಡ ಐಜ್ವಾಲ್ ಗೆಲುವು

ದಾವಣಗೆರೆಯ ಪಿ.ಜೆ. ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಹೆಸರಿನ ಫಲಕವೇ ಇಲ್ಲದ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯೊಂದಿದೆ. ಅಲ್ಲಿಯ ಮೆಣಸಿನಕಾಯಿಗೆ ಹಿಟ್ಟು ತೆಳುವಾಗಿ ಹತ್ತಿರುತ್ತದೆ, ಎಣ್ಣೆ ಕುಡಿದಿರುವುದಿಲ್ಲ. ಮಂಡಕ್ಕಿಗೆ ಈರುಳ್ಳಿಯನ್ನು ಧಾರಾಳವಾಗಿ ಹಾಕುತ್ತಾರೆ, ಉಪ್ಪು ಮಾತ್ರ ಒಂದೊಂದು ದಿನ ಒಂದೊಂದು ಹದ. ಚಹಾ ಸಾಧಾರಣ. ಇಷ್ಟಾದರೂ ನಾನು ಈ ಅಂಗಡಿಗೆ ಪೂರ್ಣ ಅಂಕ ಕೊಡುವುದು ಗಲ್ಲಾದ ಮೇಲಿನ ಗೋಡೆಯಲ್ಲಿರುವ ಟಿ.ವಿ.ಗಾಗಿ ಮತ್ತು ಅದರ ರಿಮೋಟನ್ನು ಗಿರಾಕಿಯ ಕೈಗೆ ಕೊಡುವ ಮಾಲೀಕರಿಗಾಗಿ.

ಐಪಿಎಲ್ ನಡೆಯುವ ದಿನಗಳಲ್ಲಿ ಈ ಊರಿನ ಅಂಗಡಿಗಳಲ್ಲಿ ಫುಟ್‌ಬಾಲ್ ಹಾಕಿ ಎಂದು ಕೇಳಲು ಎಂಟೆದೆ ಬೇಕು. ಆದರೆ 2017ರ ಏಪ್ರಿಲ್ 30ರ ಸಂಜೆ ಡೆಲ್ಲಿ ತಂಡವು ಪಂಜಾಬಿನ ಎದುರು ಕೇವಲ 67 ರನ್ನಿಗೆ ಗಂಟುಮೂಟೆ ಕಟ್ಟಿದ್ದರಿಂದ ಕ್ರಿಕೆಟ್ ಬೇಗನೆ ಮುಗಿದಿತ್ತು. ನಾನು ಅಳುಕುತ್ತಲೇ ಕೇಳಿದೆ. "ನಿಮ್ಮದು ಯಾವ ಟೀಮು ಸರ್?" ಎಂದರು ಮಾಲೀಕರು. ಐಜ್ವಾಲ್ ಎಂದೆ. "ಅದೆಲ್ಲೈತಿ?" ಎನ್ನುತ್ತಲೇ ರಿಮೋಟ್ ಕೊಟ್ಟರು.

ಮಿಜೋರಾಂನ ಈ ಕ್ಲಬ್ ಹಿಂದಿನ ವರ್ಷವಷ್ಟೇ ಆಗಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆದ ಐ-ಲೀಗ್‌ನಿಂದ ಕೆಳದರ್ಜೆಗೆ ಜಾರಿತ್ತು. ಗೋವಾದ ಕ್ಲಬ್‌ಗಳು ಲೀಗ್ ತೊರೆದು ಜಾಗ ತೆರವಾದ ಕಾರಣ ಅದನ್ನು ಮರಳಿ ಕರೆಸಿಕೊಂಡಿದ್ದರು; ತರಬೇತುದಾರ ಖಾಲಿದ್ ಜಮೀಲ್ ಅವರನ್ನೂ ಮುಂಬೈ ಎಫ್‌ಸಿ ಆಗಲೇ ಕೈಬಿಟ್ಟಿತ್ತು. ಹೀಗೆ ಯಾರಿಗೂ ಬೇಡವಾದವರೆಲ್ಲ ಕೂಡಿ ಕಟ್ಟಿದ ತಂಡವು ಎಂಟು ದಿನಗಳ ಹಿಂದೆ ತನ್ನೂರಿನಲ್ಲಿ ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಕೋಲ್ಕತ್ತದ ಮೋಹನ್ ಬಾಗನ್ ಅನ್ನು 1-0ರಿಂದ ಮಣಿಸಿ, ಕೊನೆಯ ಪಂದ್ಯದಲ್ಲಿ ಡ್ರಾ ಆದರೂ ಸಾಕೆಂಬ ಸ್ಥಿತಿಗೆ ಬಂದು ನಿಂತಿತ್ತು. ನಾನು ಚಾನಲ್ ಹುಡುಕಿ ಹಾಕುವ ಹೊತ್ತಿಗೆ ಆ ಕೊನೆಯ ಪಂದ್ಯದ ಎದುರಾಳಿ ಷಿಲ್ಲಾಂಗ್ ಲಾಜೊಂಗ್ 1-0ರಿಂದ ಮುಂದಿತ್ತು.

ಇಲ್ಲಿ ಒಂದು ದೂರು. ಎಡಗಡೆಯ ಬೆಂಚಿನಲ್ಲಿ ಕುಳಿತರೆ ಅಂಗಡಿಯ ಕಂಬ ಅಡ್ಡ ಬಂದು ಮೈದಾನದ ಒಂದು ತುದಿ ಕಾಣುವುದೇ ಇಲ್ಲ; ಬಲಗಡೆ ಕುಳಿತರೆ ಬಾಣಲೆಯ ಝಳ. 67ನೇ ನಿಮಿಷದಲ್ಲಿ (ಆ ದಿನ ಆ ಅಂಕಿಗೆ ಏನಾಗಿತ್ತೋ) ವಿಲಿಯಂ ಲಾಲ್‌ನುನ್‌ಫೆಲಾ ಸಮಬಲದ ಗೋಲು ಹೊಡೆದದ್ದನ್ನು ನಾನು ಕಂಡದ್ದು ಎರಡನೆಯ ಸಲ ತೋರಿಸಿದಾಗ. ಮೊದಲ ಸಲ ಕೇಳಿಸಿದ್ದು ವೀಕ್ಷಕ ವಿವರಣೆಯ ಕೂಗು ಮಾತ್ರ. ಅದಕ್ಕೇ ಎದ್ದು ನಿಂತೆ. ಕಚ್ಚಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿದು, ಎಣ್ಣೆ ಮುಂಗೈಯಿಂದ ಅಂಗಿಯ ತೋಳಿಗಿಳಿಯಿತು. ಬಾಣಲೆಯ ಮುಂದಿದ್ದ ಹುಡುಗ ಗಾಬರಿಯಾಗಿ ನೀರು ತಂದ.

ಪಂದ್ಯ 1-1ರಲ್ಲೇ ಮುಗಿಯಿತು. ಅತ್ತ ಬಾಗನ್ ತನ್ನ ಪಂದ್ಯ ಗೆದ್ದರೂ ಲೀಗ್ ಪಟ್ಟಿಯಲ್ಲಿ ಐಜ್ವಾಲ್‌ಗೆ 37 ಅಂಕ, ಬಾಗನ್‌ಗೆ 36. ಈಶಾನ್ಯ ಭಾರತದ ಕ್ಲಬ್ಬೊಂದು ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ ಮೊದಲು. ಐಜ್ವಾಲ್ ಎಲ್ಲಿದೆಯೆಂದು ಅರಿಯದ ಮಾಲೀಕರು ಅಷ್ಟರಲ್ಲಿ ನನಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಿದ್ದರು, ಎರಡನೆಯ ಪ್ಲೇಟಿನ ಹಣವನ್ನೂ ತೆಗೆದುಕೊಳ್ಳಲಿಲ್ಲ.

2025ರ ಆಗಸ್ಟ್ 1ರಂದು ಜಮೀಲ್ ಭಾರತ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡ ಸುದ್ದಿ ತಿಳಿದು, ಸಂಜೆ ಮತ್ತೆ ಅಲ್ಲಿಗೇ ಹೋದೆ. ಕಂಬ ಅಲ್ಲೇ ಇದೆ, ಉಪ್ಪು ಅಂದು ಹದವಾಗಿತ್ತು. "ನಿಮ್ಮ ಐಜ್ವಾಲ್ ಹೆಂಗೈತಿ ಸರ್?" ಎನ್ನುತ್ತ ಮಾಲೀಕರು ರಿಮೋಟನ್ನು ನನ್ನ ಕಡೆಗೆ ಸರಿಸಿದರು. ಟಿ.ವಿ.ಯಲ್ಲಿ ಓವಲ್ ಟೆಸ್ಟ್ ನಡೆಯುತ್ತಿತ್ತು, ಸಿರಾಜ್ ಬೌಲಿಂಗ್. ಚಾನಲ್ ಬದಲಿಸುವ ಮನಸ್ಸು ನನಗೂ ಆಗಲಿಲ್ಲ.